ಗಿಟಾರಿನ ತಂತಿಗೆ ತುಕ್ಕು ಹಿಡಿದರೂ ನುಡಿಸುವವರು ಏಕೆ ಸುಮ್ಮನಿರುತ್ತಾರೆ?

ಪ್ರಶ್ನೆ: ನಾನು ಚಿಕ್ಕಂದಿನಿಂದ ವೀಣೆ ನುಡಿಸುತ್ತಾ ಬಂದವಳು. ವೀಣೆಯ ಮೇಲೆ ಧೂಳು ಕಂಡರೆ ನಮ್ಮ ಮೇಷ್ಟ್ರು ಪಾಠವನ್ನೇ ಶುರು ಮಾಡುತ್ತಿರಲಿಲ್ಲ. ನನ್ನ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ಗಿಟಾರ್ ಚೆನ್ನಾಗಿಯೇ ನುಡಿಸುತ್ತಾನೆ. ಆದರೆ ಆ ಗಿಟಾರಿನ ಅವಸ್ಥೆ ನೋಡಲಾಗುವುದಿಲ್ಲ. ತಂತಿಗಳು ಕಪ್ಪಗಾಗಿವೆ, ಬೆರಳಾಡಿಸುವ ಪಟ್ಟಿಯ ಮೇಲೆ ಜಿಡ್ಡು ಕೂತಿದೆ, ರಜೆಗೆ ಬಂದಾಗ ಗೋಡೆಗೆ ಒರಗಿಸಿ ಬಿಟ್ಟುಬಿಡುತ್ತಾನೆ. ಕೇಳಿದರೆ, "ದೊಡ್ಡ ದೊಡ್ಡವರ ಗಿಟಾರೂ ಹೀಗೇ ಇರತ್ತಮ್ಮ, ವಿಲ್ಲಿ ನೆಲ್ಸನ್ ಗಿಟಾರಲ್ಲಿ ತೂತೇ ಬಿದ್ದಿದೆ" ಎನ್ನುತ್ತಾನೆ. ಫೋಟೊ ತೋರಿಸಿದ, ತೂತು ಇರುವುದು ನಿಜ. ಅವನ ಸ್ನೇಹಿತರದ್ದೂ ಇದೇ ಕಥೆ. ವಾದ್ಯವನ್ನು ಇಷ್ಟಪಡುವವರೇ ಅದನ್ನು ಹೀಗೆ ಇಟ್ಟುಕೊಳ್ಳುವುದು ಏಕೆ?
– ಓದುಗರೊಬ್ಬರು, ಸಾಗರ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಗಿಟಾರ್ ಕಲಿಯುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಈ ಮಾತು ಬಂದುಹೋಗಿರುತ್ತದೆ, ಕಾರಣ ಏನೆಂದು ವಿಚಾರಿಸುವವರು ಮಾತ್ರ ಕಡಿಮೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳು ಸೇರಿಕೊಂಡಿವೆ. ಗಿಟಾರ್ ನುಡಿಸುವ ಕೆಲವರು ವಾದ್ಯದ ಆರೈಕೆಯನ್ನು ಏಕೆ ಮರೆಯುತ್ತಾರೆ ಎನ್ನುವುದು ಒಂದು. ಹೆಸರಾಂತ ಕಲಾವಿದರ ಗಿಟಾರುಗಳೇ ಬಣ್ಣ ಹೋಗಿ, ತೂತು ಬಿದ್ದು ಮೆರೆಯುತ್ತಿರುವಾಗ ಮಗನ ಮಾತನ್ನು ತಳ್ಳಿಹಾಕುವುದು ಹೇಗೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಎರಡನೆಯದಕ್ಕೆ ಆಮೇಲೆ ಬರೋಣ.

ಎಲ್ಲ ಗಿಟಾರ್ ವಾದಕರೂ ಹೀಗೆ ಎಂದುಕೊಳ್ಳಬೇಡಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ನುಡಿಸುವವರನ್ನು ನೋಡಿದರೆ ನಿಮ್ಮ ಮೇಷ್ಟ್ರು ಮೆಚ್ಚಿಕೊಳ್ಳುತ್ತಿದ್ದರು. ಅವರು ಬಲಗೈ ಉಗುರುಗಳನ್ನು ಕೂಡ ನಯವಾದ ಮರಳುಕಾಗದದಿಂದ ತೀಡಿಕೊಂಡೇ ಕೂರುತ್ತಾರೆ. ವಾದ್ಯವನ್ನು ಇಡುವ ಪೆಟ್ಟಿಗೆಯೊಳಗೆ ಗಾಳಿಯ ತೇವ ಅಳೆಯುವ ಪುಟ್ಟ ಮೀಟರ್ ಇಟ್ಟುಕೊಂಡಿರುತ್ತಾರೆ. ನೀವು ಕೇಳಿರುವುದು ಉಳಿದವರ ವಿಷಯ.

ನೀವು ವೀಣೆಯವರಾದ್ದರಿಂದ ಅಲ್ಲಿಂದಲೇ ಹೊರಡುವುದು ಸುಲಭ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬೇಸಿಗೆಯಲ್ಲಿ ಆ ಮೇಣ ಸ್ವಲ್ಪ ಮೆತ್ತಗಾಯಿತೆಂದರೆ ಮೆಟ್ಟಿಲು ಕದಲುತ್ತದೆ, ಕದಲಿದ ಮೆಟ್ಟಿಲಿನ ಮೇಲೆ ಗಾಂಧಾರ ಗಾಂಧಾರವಾಗಿ ಉಳಿಯುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಮೇಳ ಕಟ್ಟಿಸದೆ ಗತ್ಯಂತರವಿಲ್ಲ. ಮೃದಂಗದವರು ಕಛೇರಿಗೆ ಕೂರುವ ಮುಂಚೆ ಎಡಭಾಗಕ್ಕೆ ರವೆ ಕಲಸಿ ಮೆತ್ತಲೇಬೇಕು; ಮೆತ್ತದಿದ್ದರೆ ಗುಮಕಿ ಹುಟ್ಟುವುದಿಲ್ಲ. ಪಿಟೀಲಿನ ಕುದುರೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ, ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ಅದರ ಕಮಾನಿಗೆ ರಾಳ ತಿಕ್ಕದಿದ್ದರೆ ಸದ್ದೇ ಬರುವುದಿಲ್ಲ. ಈ ವಾದ್ಯಗಳೆಲ್ಲ ಉಪಚಾರ ಮಾಡಿಸಿಕೊಳ್ಳದೆ ನುಡಿಯಲು ಒಪ್ಪುವುದೇ ಇಲ್ಲ. ಹೀಗಾಗಿ ಅವನ್ನು ಕಲಿಯುವವರಿಗೆ ಜೋಪಾನವೂ ಪಾಠದ ಜೊತೆಗೇ ಬಂದುಬಿಡುತ್ತದೆ.

ಗಿಟಾರಿನ ಜಾಯಮಾನ ಬೇರೆ. ಅದರ ಫ್ರೆಟ್‌ಗಳು ಲೋಹದ ಸರಿಗೆಗಳು. ಮರದಲ್ಲಿ ಸಣ್ಣ ಸೀಳುಗಳನ್ನು ಮಾಡಿ, ಅವುಗಳೊಳಗೆ ಬಡಿದು ಕೂರಿಸಿರುತ್ತಾರೆ. ಸೆಕೆಗೆ ಕದಲುವ ಮಾತೇ ಇಲ್ಲ. ಬಿರಡೆಗಳಿಗೆ ಹಲ್ಲುಚಕ್ರ ಇರುವುದರಿಂದ ತಿರುಗಿಸಿ ಬಿಟ್ಟಲ್ಲೇ ನಿಲ್ಲುತ್ತವೆ. ಆರು ತಿಂಗಳು ಮೂಲೆಯಲ್ಲಿದ್ದ ಗಿಟಾರನ್ನು ಎತ್ತಿಕೊಂಡು, ಒಂದು ನಿಮಿಷ ಬಿರಡೆ ತಿರುವಿ, ನಾಲ್ಕು ಕಾರ್ಡ್ ಹಿಡಿದರೆ ಒಂದು ಹಾಡು ಮುಗಿದೇ ಹೋಗುತ್ತದೆ. ವಾದ್ಯ ದೂರು ಹೇಳುವುದಿಲ್ಲ. ದೂರು ಹೇಳದವರನ್ನು ವಿಚಾರಿಸುವ ಅಭ್ಯಾಸ ನಮಗೆ ಮೊದಲೇ ಕಡಿಮೆ. ನಿಮ್ಮ ಮಗನ ನಿರ್ಲಕ್ಷ್ಯಕ್ಕೆ ಸೋಮಾರಿತನಕ್ಕಿಂತ ಗಿಟಾರಿನ ಈ ತಾಳಿಕೆಯೇ ಹೆಚ್ಚು ಕಾರಣ ಎಂದು ನನಗನಿಸುತ್ತದೆ.

ಹಾಗೆಂದು ಅದು ಹಾಳಾಗುವುದಿಲ್ಲವೆಂದಲ್ಲ, ನಿಧಾನವಾಗಿ ಹಾಳಾಗುತ್ತದೆ. ತಂತಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕಾಣುವ ಸ್ಟೀಲ್ ತಂತಿಯ ಗಿಟಾರಿನಲ್ಲಿ ಎರಡು ತೆಳು ತಂತಿಗಳು ಬರಿಯ ಉಕ್ಕು. ಉಳಿದ ನಾಲ್ಕು, ಉಕ್ಕಿನ ಎಳೆಯ ಮೇಲೆ ಕಂಚಿನ ತೆಳ್ಳನೆ ಸರಿಗೆ ಸುತ್ತಿದಂಥವು. ಬೆವರಿನ ಉಪ್ಪಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ಕಂಚಿನಲ್ಲಿ ಬಹುಪಾಲು ತಾಮ್ರವೇ ಆದ್ದರಿಂದ ಅದಕ್ಕೆ ಕಿಲುಬು ಬರುತ್ತದೆ. ಸುತ್ತುಗಳ ಸಂದಿಯಲ್ಲಿ ಬೆರಳಿನ ಜಿಡ್ಡು, ಸತ್ತ ಚರ್ಮದ ಪುಡಿ, ಧೂಳು ಎಲ್ಲ ಸೇರಿ ಗಟ್ಟಿಯಾಗುತ್ತವೆ. ಮಗ ಊರಿಗೆ ಬಂದಾಗ ಹಳೆಯ ಬಿಳಿ ಪಂಚೆಯ ತುಂಡೊಂದರಿಂದ ಅತಿ ದಪ್ಪ ತಂತಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಒರೆಸಿ ನೋಡಿ, ಬಟ್ಟೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆಮೇಲೆ ಅದೇ ತಂತಿಯ ಅಡಿಗೆ ಉಗುರು ತಾಗಿಸಿ, ಮೊದಲ ಫ್ರೆಟ್‌ನಿಂದ ಐದನೆಯದರವರೆಗೆ ಮೆಲ್ಲಗೆ ಎಳೆಯಿರಿ. ಫ್ರೆಟ್ ಬಂದ ಕಡೆಯೆಲ್ಲ ಉಗುರು ತಡೆಯುತ್ತದೆ. ತಂತಿಯನ್ನು ಸಾವಿರಾರು ಸಲ ಲೋಹಕ್ಕೆ ಒತ್ತಿ ಒತ್ತಿ ಅಲ್ಲಲ್ಲಿ ತಗ್ಗು ಬಿದ್ದಿರುತ್ತದೆ.

ಇದರಿಂದ ನಾದಕ್ಕೆ ಏನಾಗುತ್ತದೆ ಎಂಬುದನ್ನು ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೀಟಿದ ತಂತಿಯಲ್ಲಿ ಮೂಲಸ್ವರ ಒಂದೇ ಹುಟ್ಟುವುದಿಲ್ಲ. ಅದರ ಬೆನ್ನಿಗೇ ಇನ್ನೂ ಎತ್ತರದ ಸಣ್ಣ ಸಣ್ಣ ಸ್ವರಗಳು ಹುಟ್ಟುತ್ತವೆ. ನಾದಕ್ಕೆ ಹೊಳಪು ಬರುವುದು ಅವುಗಳಿಂದ. ತಂತಿಯಲ್ಲಿ ಕೊಳೆ ತುಂಬಿದಾಗ ಮೊದಲು ಸಾಯುವುವೂ ಅವೇ. ಜೊತೆಗೆ ಕೊಳೆ ತಂತಿಯ ಉದ್ದಕ್ಕೂ ಸಮನಾಗಿ ಕೂರುವುದಿಲ್ಲ. ಒಂದು ಕಡೆ ಭಾರ, ಒಂದು ಕಡೆ ಹಗುರ, ನಡುವೆ ಅಲ್ಲಲ್ಲಿ ಸವೆತ. ಅಂಥ ತಂತಿ ಶುದ್ಧವಾಗಿ ಕಂಪಿಸುವುದಿಲ್ಲ. ಬಿಡಿ ತಂತಿಯನ್ನು ಸರಿಯಾಗಿ ಶ್ರುತಿ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಆಚೀಚೆ ಜರುಗಿರುತ್ತದೆ.

ಇಷ್ಟೆಲ್ಲ ಆದರೂ ನುಡಿಸುವವನಿಗೆ ಏಕೆ ಗೊತ್ತಾಗುವುದಿಲ್ಲ? ಏಕೆಂದರೆ ನಿನ್ನೆಯ ನಾದಕ್ಕೂ ಇವತ್ತಿನ ನಾದಕ್ಕೂ ಕಿವಿಗೆ ಸಿಕ್ಕುವಷ್ಟು ವ್ಯತ್ಯಾಸ ಇರುವುದಿಲ್ಲ. ಪಡಸಾಲೆಯ ಗಡಿಯಾರದ ಟಿಕ್ ಟಿಕ್ ಮನೆಯವರಿಗೆ ಕೇಳಿಸದೆ ನೆಂಟರಿಗೆ ಕೇಳಿಸುವುದಿಲ್ಲವೇ, ಇದೂ ಹಾಗೆಯೇ. ದಿನವೂ ಕೇಳುವ ಕಿವಿ ವಾದ್ಯದ ಜೊತೆಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದುಬಿಡುತ್ತದೆ. ರಜೆಯಿಂದ ರಜೆಗೆ ಕೇಳುವ ನಿಮಗೆ ಅದು ಒಮ್ಮೆಲೇ ಕಾಣುತ್ತದೆ. ನಿಮ್ಮ ಮಗ ಕಿವುಡಾಗಿದ್ದಾನೆಂದು ಇದರ ಅರ್ಥವಲ್ಲ. ಹೊಸ ತಂತಿ ಹಾಕಿದ ದಿನ ಅವನೇ ಬೆರಗಾಗುತ್ತಾನೆ, ನೋಡುತ್ತಿರಿ.

ಕಿವಿಯಂತೆ ಕೈಯೂ ಹೊಂದಿಕೊಳ್ಳುತ್ತದೆ. ಇದನ್ನು ಗಿಟಾರ್ ಗೊತ್ತಿಲ್ಲದವರು ಊಹಿಸುವುದು ಕಷ್ಟ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳು ಸೇರಿ ಹಾಕುವ ಎಳೆತ ಸುಮಾರು 70 ಕಿಲೋ ತೂಕದಷ್ಟು. ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದ ಲೆಕ್ಕ. ಆ ಎಳೆತಕ್ಕೆ ವರ್ಷಗಳು ಕಳೆದಂತೆ ನೆಕ್ ಎನ್ನುವ ಗಿಟಾರಿನ ಕತ್ತು ಕೊಂಚ ಬಾಗುತ್ತದೆ, ಕುದುರೆಯ ಹಿಂದಿನ ಹಲಗೆ ಕೊಂಚ ಉಬ್ಬುತ್ತದೆ, ತಂತಿಗಳು ಫ್ರೆಟ್‌ಗಳಿಂದ ಮೇಲಕ್ಕೇಳುತ್ತವೆ. ಈ ಎತ್ತರಕ್ಕೆ ಗಿಟಾರಿನವರು ಆ್ಯಕ್ಷನ್ ಎನ್ನುತ್ತಾರೆ. 12ನೇ ಫ್ರೆಟ್‌ನ ಹತ್ತಿರ ಅದು 2ರಿಂದ 2.5 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ನುಡಿಸಲು ಹಗುರ. 4 ಮಿಲಿಮೀಟರ್ ಆಯಿತೆಂದರೆ ಒತ್ತಲು ಜೋರು ಬೇಕು. ಜೋರಾಗಿ ಒತ್ತಿದರೆ ತಂತಿ ಎಳೆದುಕೊಂಡು ಸ್ವರವೂ ಮೇಲೇರುತ್ತದೆ. ಆದರೆ ಈ 2 ಮಿಲಿಮೀಟರ್ ಬದಲಾವಣೆ ಒಂದೇ ದಿನ ಆಗುವುದಿಲ್ಲವಲ್ಲ. ಬೆರಳು ದಿನಕ್ಕೆ ಕೂದಲೆಳೆಯಷ್ಟು ಹೆಚ್ಚು ಒತ್ತುವುದನ್ನು ಕಲಿತುಕೊಂಡು, ವಾದ್ಯದ ಕೊರತೆಯನ್ನು ತಾನೇ ತುಂಬಿಕೊಡುತ್ತದೆ. ಚೆನ್ನಾಗಿ ನುಡಿಸುವವರ ಕೈ ಈ ಕೆಲಸದಲ್ಲಿ ಇನ್ನೂ ಚುರುಕು. ಹಾಗಾಗಿ ಪಳಗಿದ ವಾದಕರ ಬಳಿಯೇ ಕೆಲವೊಮ್ಮೆ ತೀರಾ ಹದಗೆಟ್ಟ ಗಿಟಾರ್ ಇರುವುದುಂಟು.

ಪಳಗದ ಕೈಗೆ ಈ ಅನುಕೂಲವಿಲ್ಲ. ಅಗ್ಗದ ಗಿಟಾರುಗಳು ಅಂಗಡಿಯಿಂದ ಬರುವಾಗಲೇ ತಂತಿ ಎತ್ತರವಾಗಿರುವುದು ಸಾಮಾನ್ಯ. ಕಲಿಯುವ ಹುಡುಗ ಹುಡುಗಿಯರು ಬೆರಳ ತುದಿ ಬೊಬ್ಬೆ ಬಂದರೂ ಇದು ಸಾಧನೆಯ ಭಾಗ ಎಂದೇ ತಿಳಿದಿರುತ್ತಾರೆ. ಸ್ವಲ್ಪ ನೋವು ಸಹಜವೇ. ಆದರೆ ಗಿಟಾರ್ ಬಿಟ್ಟ ಎಷ್ಟೋ ಮಕ್ಕಳು ಸಂಗೀತ ಹತ್ತದೆ ಬಿಟ್ಟದ್ದಲ್ಲ, ತಂತಿಯ ಎತ್ತರಕ್ಕೆ ಸೋತು ಬಿಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ವಾದ್ಯದ ಕೊರತೆ ಗಮನಕ್ಕೆ ಬಾರದಿರುವುದರಲ್ಲಿ ಶ್ರುತಿ ನೋಡುವ ಮೊಬೈಲ್ ಆ್ಯಪ್‌ಗಳೂ ಒಂದಿಷ್ಟು ಪಾಲುದಾರರು. ನೀವು ತಂಬೂರಿಗೆ ಕಿವಿಗೊಟ್ಟು ಶ್ರುತಿ ಸೇರಿಸಲು ಕಲಿತವರು. ಅಪಸ್ವರ ಎಲ್ಲಿದ್ದರೂ ನಿಮ್ಮನ್ನು ಚುಚ್ಚುತ್ತದೆ. ಆ್ಯಪ್ ನೋಡುವುದು ಬಿಡಿ ತಂತಿಗಳನ್ನು ಮಾತ್ರ. ಆರು ಸಲ ಹಸಿರು ಗುರುತು ಬಂತು, ಶ್ರುತಿ ಆಯಿತು ಎಂದುಕೊಂಡು ನುಡಿಸಲು ಶುರುಮಾಡುತ್ತಾರೆ. ಮೇಲಿನ ಫ್ರೆಟ್‌ಗಳಲ್ಲಿ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ. ಮಗನಿಗೆ ಒಂದು ಪರೀಕ್ಷೆ ಹೇಳಿಕೊಡಿ. 12ನೇ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಒತ್ತದೆ ಸುಮ್ಮನೆ ಬೆರಳು ತಾಗಿಸಿ ಮೀಟಿ, ತಕ್ಷಣ ಬೆರಳು ತೆಗೆದರೆ ಗಂಟೆಯಂಥ ಒಂದು ಸ್ವರ ಬರುತ್ತದೆ. ಆಮೇಲೆ ಅದೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವಾಗಿರಬೇಕು. ಆಗಿಲ್ಲದಿದ್ದರೆ ಮೊದಲು ತಂತಿ ಬದಲಿಸುವುದು, ಆಗಲೂ ಕೂಡದಿದ್ದರೆ ರಿಪೇರಿಯವರ ಹತ್ತಿರ ಒಯ್ಯುವುದು.

ಉಳಿದ ಕಾರಣಗಳು ಇಷ್ಟು ಸೂಕ್ಷ್ಮವಲ್ಲ, ಬೇಗ ಹೇಳಿ ಮುಗಿಸಬಹುದು. ಭಯ ಒಂದು. ಸ್ಟೀಲ್ ತಂತಿಯ ಗಿಟಾರಿನ ನೆಕ್‌ನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇರುತ್ತದೆ. 1920ರ ದಶಕದಲ್ಲಿ ಗಿಬ್ಸನ್ ಕಂಪನಿ ಇದಕ್ಕೆ ಪೇಟೆಂಟ್ ಪಡೆಯಿತು. ಅದರ ತುದಿಯ ನಟ್ಟನ್ನು ಕೀಲಿಯಿಂದ ತಿರುಗಿಸಿ ನೆಕ್‌ನ ಬಾಗು ಸರಿಪಡಿಸಬಹುದು. ತಿಳಿದವರು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ. ಹೆಚ್ಚು ಬಿಗಿದರೆ ಸಲಾಕೆ ಮುರಿಯುತ್ತದೆ ಎಂದು ಕೇಳಿದವರು ಮುಟ್ಟುವ ಗೋಜಿಗೇ ಹೋಗುವುದಿಲ್ಲ. ಇನ್ನು ಒಯ್ದು ತೋರಿಸೋಣವೆಂದರೆ ಬೆಂಗಳೂರಿನಂಥ ಊರಿನಲ್ಲಿ ಜನ ಸಿಗುತ್ತಾರೆ. ನಿಮ್ಮ ಕಡೆ ಮದ್ದಳೆಗೆ ಮುಚ್ಚಿಗೆ ಹಾಕುವವರನ್ನು, ಹಾರ್ಮೋನಿಯಂ ಬಿಚ್ಚಿ ಕೂರಿಸುವವರನ್ನು ಹುಡುಕಬಹುದು, ಗಿಟಾರಿಗೆ ಕೈ ಹಾಕುವವರು ಸಿಗುವುದು ಕಷ್ಟ.

ದುಡ್ಡೂ ಒಂದು ನೆಪ. ಸಾಧಾರಣ ತಂತಿ ಸೆಟ್ಟಿಗೆ ಕೆಲವು ನೂರು ರೂಪಾಯಿ ಸಾಕು. ಆ ಖರ್ಚು ದಂಡ ಎನ್ನುವವರೇ ನಾದ ಬದಲಿಸುವ ಹೊಸ ಪೆಡಲ್ಲಿಗೆ ಸಾವಿರಾರು ರೂಪಾಯಿ ಸುರಿಯುವುದುಂಟು. ಕೊಳ್ಳುವುದರಲ್ಲಿ ಸಂಭ್ರಮವಿದೆ, ಒರೆಸುವುದರಲ್ಲಿ ಏನಿದೆ? ಹೊಸ ತಂತಿ ಹಾಕಿದ ಮೊದಲ ಒಂದೆರಡು ದಿನ ಅದು ಹಿಗ್ಗುತ್ತಾ ಪದೇ ಪದೇ ಶ್ರುತಿ ಇಳಿಯುತ್ತದೆ ಎನ್ನುವುದೂ ಹಲವರ ತಕರಾರು. ಕಾರ್ಯಕ್ರಮ ಹತ್ತಿರವಿದ್ದಾಗ ಆ ಉಸಾಬರಿ ಬೇಡವೆಂದು ಮುಂದೂಡುತ್ತಾರೆ. ಮುಂದೂಡಿದ್ದು ಹಾಗೇ ಉಳಿಯುತ್ತದೆ. ಇದರ ಜೊತೆಗೆ ಗಿಟಾರಿಗೆ ಇರುವ ಸಾರ್ವಜನಿಕ ಚಿತ್ರವನ್ನೂ ಮರೆಯಬಾರದು. ನಮ್ಮಲ್ಲಿ ವೀಣೆ ಸರಸ್ವತಿಯ ಕೈಯಲ್ಲಿರುವಂಥದ್ದು, ಅಪ್ಪಿತಪ್ಪಿ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಗಿಟಾರಿನ ಪುರಾಣದಲ್ಲಿ ಬರುವವರು ಅದನ್ನು ವೇದಿಕೆಯ ಮೇಲೆ ಬಡಿದು ಚೂರು ಮಾಡುತ್ತಿದ್ದ ಇಂಗ್ಲೆಂಡಿನ ಪೀಟ್ ಟೌನ್‌ಶೆಂಡ್, 1967ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಉತ್ಸವದಲ್ಲಿ ಅದಕ್ಕೆ ಬೆಂಕಿ ಇಟ್ಟ ಜಿಮಿ ಹೆಂಡ್ರಿಕ್ಸ್. ಇಪ್ಪತ್ತರ ಹುಡುಗನಿಗೆ ಇದರ ಮುಂದೆ ಬಟ್ಟೆ ಹಿಡಿದು ಒರೆಸುವುದು ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ.

ಬೇಕೆಂದೇ ಹಳೆಯ ತಂತಿ ಉಳಿಸಿಕೊಳ್ಳುವವರೂ ಇದ್ದಾರೆ. ಮಗ ನಾಳೆ ಅವರ ಹೆಸರು ಎತ್ತಬಹುದು, ಆದ್ದರಿಂದ ನಿಮಗೂ ಗೊತ್ತಿರಲಿ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದಲ್ಲಿ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್ಸನ್, ತಂತಿ ಹರಿದ ಹೊರತು ಬದಲಿಸುತ್ತಿರಲಿಲ್ಲ ಎಂದು ಪ್ರಸಿದ್ಧಿ. ಆ ಕೊಳೆಯೇ ತನ್ನ ನಾದದ ಗುಟ್ಟು ಎಂಬುದು ಅವರ ನಂಬಿಕೆಯಾಗಿತ್ತು. ಅವರದ್ದು ದಪ್ಪನೆಯ, ಮೇಲ್ಮೈ ಚಪ್ಪಟೆಯಾಗಿ ಸುತ್ತಿದ ತಂತಿ. ಅವರಿಗೆ ಬೇಕಿದ್ದದ್ದು ಗುಂಯ್ ಎನ್ನದೆ ದಮ್ ಎಂದು ನಿಲ್ಲುವ ಗಿಡ್ಡ ಸ್ವರ. ಹೊಳಪು ಬೇಡದವರಿಗೆ ಹೊಳಪು ಹೋದದ್ದು ನಷ್ಟವಲ್ಲ. ಹಾಗೆಂದು ಎಲ್ಲ ಬೇಸ್ ವಾದಕರೂ ಅವರಂತಲ್ಲ. ಬೇಸ್ ತಂತಿ ದುಬಾರಿಯಾದ್ದರಿಂದ ಅದನ್ನು ಬಿಚ್ಚಿ ನೀರಿನಲ್ಲಿ ಕುದಿಸಿ, ಕೊಳೆ ಬಿಡಿಸಿ ಮತ್ತೆ ಏರಿಸುವವರೂ ಇದ್ದಾರೆ. ನಿಮ್ಮ ಮಗ ನುಡಿಸುವುದು ಕಾರ್ಡ್ ಹಿಡಿಯುವ ಮಾಮೂಲಿ ಸ್ಟೀಲ್ ತಂತಿಯ ಗಿಟಾರ್ ಆಗಿದ್ದರೆ ಜೇಮರ್ಸನ್ ಅವರ ಸಾಕ್ಷಿ ಅವನ ಪರ ನಿಲ್ಲುವುದಿಲ್ಲ. ಅಲ್ಲಿ ಹೊಳಪೇ ಮುಖ್ಯ, ತುಕ್ಕು ಹಿಡಿದ ತಂತಿ ಫ್ರೆಟ್‌ಗಳನ್ನೂ ಕೆರೆದು ಸವೆಸುತ್ತದೆ.

ಈಗ ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ ಅವರ ಗಿಟಾರಿನ ತೂತು. ನಿಮಗೆ ಗೊಂದಲವಾದದ್ದು ಸಹಜ. ಸವೆತವನ್ನೂ ನಿರ್ಲಕ್ಷ್ಯವನ್ನೂ ಕಣ್ಣು ಬೇರೆ ಮಾಡಿ ನೋಡುವುದಿಲ್ಲ, ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ.

1969ರಲ್ಲಿ ನೆಲ್ಸನ್ ಅವರ ಹಳೆಯ ಗಿಟಾರನ್ನು ಕುಡುಕನೊಬ್ಬ ತುಳಿದು ಮುರಿದ. ರಿಪೇರಿಗೆ ಕಳಿಸಿದಾಗ, ನ್ಯಾಶ್‌ವಿಲ್‌ನ ಶಾಟ್ ಜ್ಯಾಕ್ಸನ್ ಇದು ಸರಿಯಾಗುವುದಿಲ್ಲ, ಬದಲಿಗೆ ಒಂದು ಮಾರ್ಟಿನ್ ಎನ್-20 ಇದೆ ಎಂದರು. ನೆಲ್ಸನ್ ಅದನ್ನು ನೋಡದೆಯೇ 750 ಡಾಲರಿಗೆ ಕೊಂಡರು. ನಾದವನ್ನು ಧ್ವನಿವರ್ಧಕಕ್ಕೆ ಒಯ್ಯುವ ಹಳೆಯ ಗಿಟಾರಿನ ಪಿಕಪ್ಪನ್ನು ಇದಕ್ಕೆ ಕೂರಿಸಿದರು, ಸಿನಿಮಾ ನಟ ರಾಯ್ ರಾಜರ್ಸ್ ಅವರ ಕುದುರೆಯ ನೆನಪಿನಲ್ಲಿ ಟ್ರಿಗರ್ ಎಂದು ಹೆಸರೂ ಇಟ್ಟರು. ಎನ್-20 ಕ್ಲಾಸಿಕಲ್ ಗಿಟಾರ್, ಬೆರಳಿನಿಂದ ಮೀಟಲೆಂದು ಮಾಡಿದ್ದು. ಆದ್ದರಿಂದ ಸ್ಟೀಲ್ ತಂತಿಯ ಗಿಟಾರಿಗೆ ಇರುವಂತೆ ಹಲಗೆಯನ್ನು ಕಾಯುವ ಪ್ಲಾಸ್ಟಿಕ್ ಪಟ್ಟಿ ಅದಕ್ಕೆ ಇರುವುದಿಲ್ಲ. ನೆಲ್ಸನ್ ನುಡಿಸುವುದು ಪಿಕ್ ಎಂಬ ಪುಟ್ಟ ಬಿಲ್ಲೆ ಹಿಡಿದು. ಪಿಕ್ ಮತ್ತು ಬೆರಳು ದಶಕಗಳ ಕಾಲ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಮರ ತೆಳ್ಳಗಾಯಿತು, ಕಡೆಗೆ ಆರಪಾರ ಕಂಡಿತು. ಆ ತೂತು ಬಿದ್ದದ್ದು ನುಡಿಸಿದ್ದರಿಂದ, ಮೂಲೆಯಲ್ಲಿ ಬಿಟ್ಟದ್ದರಿಂದಲ್ಲ.

ಇಷ್ಟನ್ನು ಮಗನೂ ಹೇಳಬಹುದು. ಅವನು ಬಹುಶಃ ಹೇಳದೇ ಇರುವ ಭಾಗ ಮುಂದಿನದು. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಮಾರ್ಕ್ ಅರ್ಲವೈನ್ ಎಂಬ ಗಿಟಾರ್ ಕುಶಲಕರ್ಮಿ ಇದ್ದಾರೆ. 1970ರ ದಶಕದಿಂದ ಟ್ರಿಗರ್ ಕಾಲಕಾಲಕ್ಕೆ ಅವರ ಬೆಂಚಿಗೆ ಹೋಗಿ ಬರುತ್ತಿದೆ. ಹೊಟ್ಟೆಯೊಳಗೆ ಆಧಾರಕ್ಕಿರುವ ಮರದ ಪಟ್ಟಿಗಳು ಸಡಿಲವಾಗಿದ್ದರೆ ಅಂಟಿಸಿ ಬಲಪಡಿಸುತ್ತಾರೆ, ತೂತಿನ ಸುತ್ತಲ ಮರ ಇನ್ನಷ್ಟು ಸೀಳದಂತೆ ನೋಡಿಕೊಳ್ಳುತ್ತಾರೆ, ಮೆರುಗಿನ ಲೇಪ ಕೊಡುತ್ತಾರೆ. 1970ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಉರಿಯುವ ಮನೆಯೊಳಕ್ಕೆ ನುಗ್ಗಿ ನೆಲ್ಸನ್ ಹೊರತಂದದ್ದರಲ್ಲಿ ಈ ಗಿಟಾರೂ ಒಂದು. 1990ರಲ್ಲಿ ತೆರಿಗೆ ಬಾಕಿಗಾಗಿ ಸರ್ಕಾರ ಅವರ ಆಸ್ತಿಯನ್ನು ಜಪ್ತಿ ಮಾಡಿದಾಗಲೂ ಅಧಿಕಾರಿಗಳ ಕೈಗೆ ಸಿಗದಂತೆ ಮೊದಲು ದಾಟಿಸಿದ್ದು ಇದನ್ನೇ. ಅದನ್ನು ಇವತ್ತಿಗೂ ನುಡಿಸಲು ಸಾಧ್ಯವಾಗಿರುವುದು ಯಾರೋ ನಿಯಮ ತಪ್ಪದೆ ನೋಡಿಕೊಳ್ಳುತ್ತಿರುವುದರಿಂದ. ಹಾಗಾಗಿ ನಿಮ್ಮ ಮಗ ತೋರಿಸಿದ ಫೋಟೊ ನಿಮ್ಮ ಪಕ್ಷದ ಸಾಕ್ಷಿ.

ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಹರ್ ಅವರ 1961ರ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಕೂಡ ಇಂಥದ್ದೇ. 1963ರಲ್ಲಿ ಕಾರ್ಕ್ ಪಟ್ಟಣದ ಅಂಗಡಿಯಿಂದ 100 ಪೌಂಡಿಗೆ ಕಂತಿನ ಮೇಲೆ ಕೊಂಡಾಗ ಅವರಿಗೆ 15 ವರ್ಷ. ಒಮ್ಮೆ ಕಳುವಾಗಿ, ಮಳೆಯಲ್ಲಿ ನೆನೆಯುತ್ತಾ ಚರಂಡಿಯಲ್ಲಿ ಬಿದ್ದಿದ್ದು ಮತ್ತೆ ಸಿಕ್ಕಿತು. ಬೆವರಿಗೆ ಬಣ್ಣವೆಲ್ಲ ಎದ್ದುಹೋಗಿ ಬರಿಯ ಮರ ಉಳಿದಿದೆ. ಆದರೆ ಬಿರಡೆ ಸವೆದಾಗ ಬಿರಡೆ, ಫ್ರೆಟ್ ಸವೆದಾಗ ಫ್ರೆಟ್ ಬದಲಿಸಿಕೊಂಡೇ ಅವರು ಅದನ್ನು ಮೂರು ದಶಕ ನುಡಿಸಿದರು. 2024ರಲ್ಲಿ ಹರಾಜಾದ ಆ ಗಿಟಾರ್ ಈಗ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪಾಲಾಗಿದೆ. ಇಂಥ ವಾದ್ಯಗಳ ಮೋಹ ಎಷ್ಟೆಂದರೆ, ಫೆಂಡರ್ ಕಂಪನಿಯ ವಿಶೇಷ ಕಾರ್ಯಾಗಾರ 1995ರಿಂದ ಹೊಚ್ಚಹೊಸ ಗಿಟಾರುಗಳನ್ನೇ ಕೆರೆದು, ಬಣ್ಣ ಎಬ್ಬಿಸಿ, ಹಳತಾಗಿಸಿ ಮಾರುತ್ತಿದೆ. ಅವುಗಳ ಬೆಲೆ ಮಾಮೂಲಿ ಹೊಸ ಗಿಟಾರುಗಳಿಗಿಂತ ಬಹಳ ಹೆಚ್ಚು! ಹೊರಗೆ ಇಷ್ಟು ಗಾಯ ಮಾಡಿದ ಗಿಟಾರಿನ ಫ್ರೆಟ್‌ಗಳನ್ನೂ ತಂತಿಯ ಎತ್ತರವನ್ನೂ ಅವರು ಅಚ್ಚುಕಟ್ಟಾಗಿಯೇ ಹೊಂದಿಸಿ ಕೊಡುತ್ತಾರೆ ಎಂಬುದನ್ನು ಗಮನಿಸಿ.

ಹಾಗಾದರೆ ಮನೆಯ ಗಿಟಾರ್ ಸವೆದಿದೆಯೋ ಸೊರಗಿದೆಯೋ ತಿಳಿಯುವುದು ಹೇಗೆ? ಬಣ್ಣ, ಗೀರು, ಮೆರುಗು ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೈ ಮತ್ತು ತಂತಿ ಮುಟ್ಟುವ ಭಾಗಗಳನ್ನು ನೋಡಿ. ತಂತಿಯ ಪರೀಕ್ಷೆ ಮೇಲೆ ಹೇಳಿದ್ದೇನೆ. ಕುದುರೆಯ ಹಿಂಬದಿಯ ಅಂಚಿಗೆ ಒಂದು ಕಾಗದ ತೂರಿಸಿ ನೋಡಿ. ಅದು ಒಳಕ್ಕೆ ಹೋದರೆ ಕುದುರೆ ಹಲಗೆಯಿಂದ ಏಳುತ್ತಿದೆ, ತಡಮಾಡದೆ ತೋರಿಸಬೇಕು. ನೆಕ್‌ನ ಅಂಚಿನಲ್ಲಿ ಅಂಗೈ ಆಡಿಸಿದಾಗ ಫ್ರೆಟ್‌ಗಳ ತುದಿ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದು ಅರ್ಥ.

ಈ ಕೊನೆಯದು ನಿಮ್ಮ ಮನೆಗೆ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಈ ಗಿಟಾರ್ ಎರಡು ಹವೆಗಳ ನಡುವೆ ಓಡಾಡುತ್ತಿದೆ. ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇಕಡ 45ರಿಂದ 55. ಮಾರ್ಚ್ ತಿಂಗಳ ಬೆಂಗಳೂರು ಅದಕ್ಕಿಂತ ಒಣ. ಜುಲೈ ತಿಂಗಳ ಸಾಗರದ ಮಾತು ನಿಮಗೇ ಗೊತ್ತು, ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುವ ಕಾಲ. ಒಣಹವೆಯಲ್ಲಿ ಮರ ಕುಗ್ಗಿ ಸೀಳುವ ಭಯ, ತೇವದಲ್ಲಿ ಹಿಗ್ಗಿ ಉಬ್ಬುವ ಭಯ. ಪ್ಲೈವುಡ್ ಹಲಗೆಯ ಅಗ್ಗದ ಗಿಟಾರುಗಳು ಇದನ್ನೆಲ್ಲ ಹೇಗೋ ತಡೆದುಕೊಳ್ಳುತ್ತವೆ. ಅಖಂಡ ಮರದ ಹಲಗೆಯವು ತಡೆಯುವುದಿಲ್ಲ. ಮಳೆಗಾಲದಲ್ಲಿ ನಿಮ್ಮಲ್ಲಿಗೆ ಬಂದರೆ ಚೀಲದೊಳಗೆ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಹೊರಗಿನ ಗೋಡೆಗೆ ಒರಗಿಸಬೇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದಂತೂ ಬೇಡವೇ ಬೇಡ. ಸೆಕೆಗೆ ಒಳಗಿನ ಅಂಟು ಸಡಿಲವಾಗುತ್ತದೆ.

ದಿನದ ಆರೈಕೆ ಎರಡು ನಿಮಿಷದ ಕೆಲಸ. ನುಡಿಸುವ ಮುಂಚೆ ಕೈ ತೊಳೆಯುವುದು, ನುಡಿಸಿದ ಮೇಲೆ ತಂತಿಗಳ ಮೇಲೂ ಅಡಿಯಲ್ಲೂ ಒಣಬಟ್ಟೆ ಆಡಿಸುವುದು. ದಿನವೂ ನುಡಿಸುವವರು ಎರಡು ಮೂರು ತಿಂಗಳಿಗೊಮ್ಮೆ ತಂತಿ ಬದಲಿಸಿದರೆ ಸಾಕು. ಕೈ ಹೆಚ್ಚು ಬೆವರುವವರಿಗೆ ಇನ್ನೂ ಬೇಗ ಬೇಕಾದೀತು. ಅಂಥವರಿಗಾಗಿಯೇ ತೆಳು ಲೇಪನದ ತಂತಿಗಳು ಸಿಗುತ್ತವೆ, ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ತಂತಿ ಬಿಚ್ಚಿದಾಗಲೇ ಬೆರಳ ಪಟ್ಟಿಯ ಜಿಡ್ಡು ತೆಗೆಯಲು ಅನುಕೂಲ. ಒಳ್ಳೆಯ ಗಿಟಾರುಗಳಲ್ಲಿ ಆ ಪಟ್ಟಿ ಹೆಚ್ಚಾಗಿ ಬೀಟೆಯದ್ದು. ನಿಮ್ಮ ಪಶ್ಚಿಮ ಘಟ್ಟದ ಬೀಟೆಗೆ ಪ್ರಪಂಚದ ದೊಡ್ಡ ಗಿಟಾರ್ ಕಂಪನಿಗಳಲ್ಲೆಲ್ಲ ಬೇಡಿಕೆಯಿದೆ. ಮೆರುಗು ಹಚ್ಚದ ಆ ಮರಕ್ಕೆ ವರ್ಷಕ್ಕೆ ಒಂದೆರಡು ಸಲ ಗಿಟಾರಿಗೆಂದೇ ಮಾರುವ ಎಣ್ಣೆಯ ನಾಲ್ಕು ಹನಿ ತಿಕ್ಕಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕನರು ಹಿಡಿಯುತ್ತದೆ. ಆಯುಧಪೂಜೆಗೆ ವೀಣೆಯ ಪಕ್ಕದಲ್ಲಿ ಗಿಟಾರನ್ನೂ ಇಡುವವರಾದರೆ ಅರಿಶಿನ ಕುಂಕುಮವನ್ನು ಅದರ ಪೆಟ್ಟಿಗೆಗೆ ಹಚ್ಚಿ. ಹಲಗೆಯ ಮೆರುಗಿನ ಮೇಲೆ ಕಲೆ ಉಳಿದೀತು.

ಮಗನಿಗೆ ಬೈಯುವ ಬದಲು ಅವನು ಬರುವ ಹೊತ್ತಿಗೆ ಒಂದು ಹೊಸ ತಂತಿ ಸೆಟ್ಟು ತಂದಿಟ್ಟುಕೊಳ್ಳಿ. ಹಳೆಯ ತಂತಿಗಳಲ್ಲಿ ಒಂದು ಹಾಡು ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ, ತಂತಿ ಬದಲಿಸಿ ಅದೇ ಹಾಡನ್ನು ಮತ್ತೆ ನುಡಿಸಲಿ, ಆಮೇಲೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿಕೊಳ್ಳಲಿ. ನಿಧಾನವಾಗಿ ಆದ ನಷ್ಟವನ್ನು ಒಮ್ಮೆಲೇ ಕೇಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ತಂತಿ ಕೊಳ್ಳುವಾಗ ಮಾತ್ರ ಒಂದು ಎಚ್ಚರಿಕೆ: ಅವನ ಗಿಟಾರ್ ನೈಲಾನ್ ತಂತಿಯದೋ ಸ್ಟೀಲ್ ತಂತಿಯದೋ ಮೊದಲು ಕೇಳಿ ತಿಳಿದುಕೊಳ್ಳಿ. ನೈಲಾನಿನ ಎಳೆತ ಸುಮಾರು 40 ಕಿಲೋ ಮಾತ್ರ. ಅದಕ್ಕೆಂದು ಮಾಡಿದ ಗಿಟಾರಿಗೆ ಸ್ಟೀಲ್ ತಂತಿ ಏರಿಸಿದರೆ ಕುದುರೆಯೇ ಕಿತ್ತುಬರುತ್ತದೆ.